ತೊಂಬತ್ತೊಂದು ಡಿಗ್ರಿ

ಜೂನ್ ೪, ಬುಧವಾರ

ಪ್ರೀತಿಯ ತಮ್ಮನಿಗೆ,

ನೀನು ಜೋಡಿಸಿಕೊಟ್ಟ ಕಂಪ್ಯೂಟರಿನ ಮದರ್‌ಬೋರ್ಡ್ ಹೋದ ವಾರ ಕೈಕೊಟ್ಟಿತು. ನಾನೇ ಬೇರೆ ಬೋರ್ಡ್ ತಂದು ಹಾಕಿದೆ. ಈಗ ಅದು ವಿಪರೀತ ಬಿಸಿಯಾಗುತ್ತಿದೆಯಂತೆ. ‘ಅಂತೆ’ ಎಂದದ್ದು ಯಾಕೆಂದರೆ ಹಾಗೆ ಹೇಳುತ್ತಿರುವುದು ಪರದೆಯ ಮೇಲಿನ ಅಂಕಿ. ನಮ್ಮ ಮುದ್ರಣಾಲಯದ ಇ-ಮೇಲ್ ಇದ್ದದ್ದೂ ಅದೇ ಯಂತ್ರದಲ್ಲಿ, ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮಾರ್ಚ್‌ನಿಂದ ಎತ್ತಿಲ್ಲ.

ನಿನ್ನ ಕೆಲಸದ ಜೊತೆಗಾರ ಒಮ್ಮೆ ಫೋನ್ ಮಾಡಿ, ‘ಸ್ಥಾವರದಲ್ಲಿ ಕೆಲಸ ಜಾಸ್ತಿ ಅಕ್ಕಾ, ಅವರು ಕಂಟ್ರೋಲ್ ರೂಮಲ್ಲೇ ಇರ್ತಾರೆ, ಅಲ್ಲಿ ಫೋನ್ ಬಿಡಲ್ಲ’ ಎಂದ. ಆಮೇಲೆ ಕಂಪನಿಯ ಅತಿಥಿಗೃಹ, ಕೊಠಡಿ ಹದಿನಾಲ್ಕು ಎಂಬ ಹೊಸ ವಿಳಾಸ ಇದ್ದ ಒಂದು ಕಾರ್ಡು ಬಂತು. ಅಷ್ಟೇ. ಕಳೆದ ಸಲ ಬಂದು ಹೊರಡುವ ದಿನ ನಾನಾಡಿದ ಮಾತನ್ನು ನೀನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯ ಎಂದು ಗೊತ್ತು. ಅಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದ ಒಂಬತ್ತು ವರ್ಷದಲ್ಲಿ ನೀನು ಎಷ್ಟು ದಿನ ಪಕ್ಕದಲ್ಲಿದ್ದೆ ಎಂದು ನಾನು ಕೇಳಬಾರದಿತ್ತು. ಕೇಳಿಬಿಟ್ಟೆ. ಆ ಜಗಳ ಇನ್ನೊಂದು ದಿನ ಆಡೋಣ. ಈಗ ಯಂತ್ರದ ಮಾತು.

ಮೊದಲು ರಿಪೇರಿಯವನನ್ನು ಕರೆಸಿದ್ದೆ. ಮುಚ್ಚಳ ತೆಗೆದು ಇಣುಕಿ, ‘ಮೇಡಂ, ಇದಕ್ಕೆ ಪಿಂಚಣಿ ಕೊಟ್ಟು ಕಳಿಸಿ, ಹೊಸದು ತಗೊಳ್ಳಿ’ ಎಂದ. ಹೊಸದರಲ್ಲಿ ನಮ್ಮ ಕುಟ್ಟಾಣಿಗೆ ಬೇಕಾದ ಆ ಹಳೆಯ ಅಗಲದ ಪೋರ್ಟ್ ಇದೆಯಾ ಎಂದು ಕೇಳಿದೆ. ಕುಟ್ಟಾಣಿ ಅಂದರೇನು ಎಂದ. ದಪ್ಪ ಕಾಗದದ ಮೇಲೆ ಬ್ರೈಲ್ ಚುಕ್ಕೆ ಕುಟ್ಟುವ ನಮ್ಮ ಯಂತ್ರವನ್ನು ಒಮ್ಮೆ ಓಡಿಸಿ ತೋರಿಸಿದೆ. ಆ ಸದ್ದಿಗೆ ಎರಡು ಹೆಜ್ಜೆ ಹಿಂದೆ ಸರಿದವನು ಮತ್ತೆ ಮುಂದೆ ಬರಲಿಲ್ಲ.

ಹಳೆಯ ಬಿಡಿಭಾಗ ಮಾರುವ ಅಂಗಡಿಗಳನ್ನು ಮೂರು ದಿನ ಸುತ್ತಿ, ಅಗಲದ ಪೋರ್ಟ್ ಇರುವ ಬೋರ್ಡ್ ಹುಡುಕಿದೆ. ನೀನು ಜೋಡಿಸುವಾಗ ಪಕ್ಕದಲ್ಲಿ ಕೂತು ನೋಡಿದ್ದೆನಲ್ಲ, ಅದೇ ಧೈರ್ಯ. ಪ್ರೊಸೆಸರ್ ತೆಗೆದು ಹೊಸ ಬೋರ್ಡಿಗೆ ಹಾಕಿದೆ, ಅದರ ತಲೆಯ ಮೇಲೆ ಬಿಸಿ ಹೀರುವ ಅಲ್ಯೂಮಿನಿಯಂ ಗಟ್ಟಿಯನ್ನೂ ಫ್ಯಾನನ್ನೂ ಕೂರಿಸಿದೆ. ಜೋಡಿಸುವಾಗ ತೊಂದರೆ ಏನೂ ಆಗಲಿಲ್ಲ. ಗುಂಡಿ ಒತ್ತಿದಾಗ ಪರದೆ ಬೆಳಗಿತು. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದೆ ಕಣೋ, ಐವತ್ಮೂರು ವರ್ಷದ ಹೆಂಗಸು.

ಹನ್ನೆರಡು ನಿಮಿಷಕ್ಕೆ ಯಂತ್ರ ತಾನಾಗಿ ಆರಿಹೋಯಿತು. ಪ್ರತಿ ಸಲವೂ ಹಾಗೇ. ಶುರುವಿನಲ್ಲಿ ಬರುವ ನೀಲಿ ಪರದೆಯಲ್ಲಿ ಮೂರು ಅಂಕಿ ಕಾಣುತ್ತವೆ. ಬೋರ್ಡ್ ೩೪ ಡಿಗ್ರಿ. ಪ್ರೊಸೆಸರ್ ೯೧. ಮೂರನೆಯದಕ್ಕೆ ಹೆಸರೇ ಇಲ್ಲ, ಆದರೆ ೧೨೭!

ಅಂಧ ಮಕ್ಕಳ ಶಾಲೆಯ ಹನ್ನೊಂದು ಮಂದಿಗೆ ಆಗಸ್ಟ್ ನಾಲ್ಕಕ್ಕೆ ಪರೀಕ್ಷೆ. ಗಣಿತದ ಮೂರನೇ ಸಂಪುಟ ಇನ್ನೂ ಕುಟ್ಟಬೇಕು. ಬೇಗ ಉತ್ತರ ಬರೆ. ಕೋಪವಿದ್ದರೆ ಕೋಪದಲ್ಲೇ ಬರೆ.

ನಿನ್ನ ಅಕ್ಕ

•

ಜೂನ್ ೧೨, ಗುರುವಾರ

ಅಕ್ಕಾ,

ಕೈಯಲ್ಲಿ ಬರೆಯಲು ಪುರುಸೊತ್ತಿಲ್ಲ, ಟೈಪ್ ಮಾಡುತ್ತಿದ್ದೇನೆ. ಇಲ್ಲಿನ ಕೀಲಿಮನೆ ಹಲೆಯದು. ಒಂದೆರಡು ಅಕ್ಷರ ಸರಿಯಾಗಿ ಬೀಲುವುದಿಲ್ಲ, ನೀನೇ ತಿದ್ದಿಕೊಂಡು ಓದು.

೧೨೭ ನೋಡಿ ಹೆದರಬೇಡ. ಆ ಜಾಗದಲ್ಲಿ ಬಿಸಿ ಅಲೆಯುವ ಸೆನ್ಸರ್ ಇಲ್ಲ. ಇಲ್ಲದ ಸೆನ್ಸರನ್ನು ಕೇಲಿದರೆ ಬೋರ್ಡ್ ತನಗೆ ಗೊತ್ತಿರುವ ಅತಿ ದೊಡ್ಡ ಅಂಕಿ ಒದರುತ್ತದೆ. ಅದು ಬರೀ ಸುಲ್ಲು. ಮರೆತುಬಿಡು.

೯೧ರ ಕತೆ ಬೇರೆ. ಮೂರು ವಿಷಯ ನೋಡಿ ನನಗೆ ಹೇಲು.

ಪ್ರೊಸೆಸರ್ ಮತ್ತು ಲೋಹದ ಗಟ್ಟಿಯ ನಡುವೆ ಬಿಸಿ ದಾಟಿಸುವ ಪೇಸ್ಟ್ ಎಷ್ಟು ಹಾಕಿದೆ? ಒಂದು ಅಕ್ಕಿಕಾಲಿನಷ್ಟು ಸಾಕು. ಬೆನ್ನೆಯ ಹಾಗೆ ಬಲಿದಿದ್ದರೆ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕು. ಹಲೆಯ ಪೇಸ್ಟ್ ಮೇಲೆ ಹೊಸದು ಹಾಕಬಾರದು. ಎರಡನೆಯದು, ಫ್ಯಾನ್ ತಿರುಗುತ್ತದೆಯಾ? ಅದರ ವೈರು ಸಿಪಿಯು ಫ್ಯಾನ್ ಎಂದು ಬರೆದ ಕಡೆಯೇ ಇದೆಯಾ? ಮೂರನೆಯದು, ಪ್ರೊಸೆಸರ್ ತೆಗೆಯುವಾಗ ಸಲೀಸಾಗಿ ಬಂತಾ?

ಫೋನ್ ಮಾಡಬೇಡ. ಇಲ್ಲಿ ಸದ್ದು ಜಾಸ್ತಿ. ಏನೂ ಕೇಲುವುದಿಲ್ಲ.

ಕೋಪ ಇಲ್ಲ. ಆ ದಿನದ ಮಾತು ನಿಜವೇ ಆಗಿತ್ತು.

ತಮ್ಮ

•

ಜೂನ್ ೧೮, ಬುಧವಾರ

ತಮ್ಮಾ,

ಒಡಹುಟ್ಟಿದ ಅಕ್ಕನಿಗೆ ಕರೆಂಟ್ ಆಫೀಸಿನ ನೋಟೀಸಿನ ಹಾಗೆ ಟೈಪ್ ಮಾಡಿ ಕಳಿಸಿದ್ದೀಯ. ಸಹಿಯೂ ಇಲ್ಲ. ಕೋಪ ಇಲ್ಲ ಎನ್ನುವುದನ್ನು ಯಂತ್ರದ ಬಾಯಲ್ಲಿ ಹೇಳಿಸಿದರೆ ನಂಬಬೇಕಾ?

ಆ ಕೀಲಿಮಣೆಯನ್ನು ಮಾತ್ರ ಬದಲಾಯಿಸಿಕೋ. ‘ಹೇಳು’ ಎಂದು ಇರಬೇಕಾದ ಕಡೆ ನೀನು ಒತ್ತಿರುವುದನ್ನು ನಾನು ಮೇಷ್ಟ್ರ ಮುಂದೆ ಗಟ್ಟಿಯಾಗಿ ಓದಿಬಿಟ್ಟೆ. ಕರಡು ತಿದ್ದುವ ನಮ್ಮ ಮೇಷ್ಟ್ರು ಗೊತ್ತಲ್ಲ, ಹುಟ್ಟಿನಿಂದ ಕಣ್ಣಿಲ್ಲದಿದ್ದರೂ ಬೆರಳ ತುದಿಯಲ್ಲೇ ತಪ್ಪು ಹಿಡಿಯುವವರು. ‘ಮೂರು ವಿಷಯ ನೋಡಿ ಏನು ಮಾಡಬೇಕಂತೆ?’ ಎಂದು ಮೇಜು ಹಿಡಿದುಕೊಂಡು ನಕ್ಕರು.

ಲಕೋಟೆಯ ಮೇಲಿನ ವಿಳಾಸ ನಿನ್ನ ಕೈಬರಹ ಅಲ್ಲ. ದುಂಡಗೆ, ಮುದ್ದಾಗಿದೆ. ಹೆಂಗಸಿನ ಕೈ. ನಾನೇನೂ ಕೇಳುವುದಿಲ್ಲ. ಆದರೆ ನಲವತ್ತಾರು ವರ್ಷಕ್ಕೆ ಬುದ್ಧಿ ಬಂದಿದ್ದರೆ ನನ್ನ ಅಡ್ಡಿ ಇಲ್ಲ, ತಿಳೀತಾ?

ಈಗ ಯಂತ್ರ. ಪೇಸ್ಟ್ ಹೆಚ್ಚಾಗಿತ್ತು, ನಿಜ. ಒರೆಸಿ, ನೀನು ಹೇಳಿದಷ್ಟೇ ಹಾಕಿ ಮತ್ತೆ ಕೂರಿಸಿದೆ. ಫ್ಯಾನ್ ಜೋರಾಗಿ ತಿರುಗುತ್ತಿದೆ, ವೈರು ಸರಿಯಾದ ಕಡೆಯೇ ಇದೆ. ಹಳೆಯ ಬೋರ್ಡಿನಲ್ಲಿ ಆ ವೈರು ಕಿಟಕಿಯ ಕಡೆಗೆ ಬರುತ್ತಿತ್ತು, ಈಗಲೂ ಕಿಟಕಿಯ ಕಡೆಗೇ ಬರುವ ಹಾಗೆ ಕೂರಿಸಿದ್ದೇನೆ. ಈ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಮೇಲಿನ ಅಕ್ಷರಗಳು ಮಾತ್ರ ತಲೆಕೆಳಗಾಗಿ ಕಾಣುತ್ತವೆ. ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಾರೇನೋ. ಇಷ್ಟಾದರೂ ಅಂಕಿ ೯೩. ಎರಡು ಹೆಚ್ಚೇ ಆಯಿತು.

ಮೇಷ್ಟ್ರು ‘ನಾನು ಮುಟ್ಟಿ ನೋಡ್ಲಾ?’ ಎಂದರು. ಅವರ ಕೈ ಹಿಡಿದು, ಫ್ಯಾನಿಗೆ ತಗಲದ ಹಾಗೆ, ಆ ಗಟ್ಟಿಯ ಲೋಹದ ರೆಕ್ಕೆಗಳ ಮೇಲೆ ಬೆರಳಿಡಿಸಿದೆ.

‘ಎಷ್ಟು ಅಂತಿದೆ ಅದು?’

‘ತೊಂಬತ್ಮೂರು.’

‘ಎಲ್ಲಿ ಬಂತು ತೊಂಬತ್ಮೂರು? ಇದು ತಣ್ಣಗಿದೆ ಕಣಮ್ಮ. ನೀರು ತುಂಬಿದ ಲೋಟದ ಹಾಗಿದೆ.’

ನಾನೂ ಮುಟ್ಟಿದೆ. ಹೌದು, ತಣ್ಣಗೇ ಇದೆ. ಅಂದಮೇಲೆ ಆ ೧೨೭ರ ಹಾಗೆ ಈ ೯೩ ಕೂಡ ಸುಳ್ಳೇ ತಾನೆ? ಅಂಗಡಿಯವನು ಕೊಟ್ಟ ಬೋರ್ಡಿಗೇ ಹೆದರಿಸುವ ಚಾಳಿ ಇದೆ. ನೀಲಿ ಪರದೆಯಲ್ಲಿ ‘ಬಿಸಿ ಹೆಚ್ಚಾದರೆ ಆರಿಸು’ ಎಂಬ ಒಂದು ಆಯ್ಕೆ ಇದೆ. ಬರುವ ಬುಧವಾರ ಬೆಳಿಗ್ಗೆ ಅದನ್ನು ತೆಗೆದುಹಾಕಿ ಮುದ್ರಣ ಶುರು ಮಾಡುತ್ತೇನೆ. ಅಷ್ಟರಲ್ಲಿ ದಪ್ಪ ಕಾಗದ ಬರುತ್ತದೆ.

ನಿನ್ನ ಉತ್ತರಕ್ಕೆ ಕಾಯುವ ಹಾಗಿಲ್ಲ. ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಮೂರನೇ ಸಂಪುಟ ಜುಲೈ ಮೂರನೇ ವಾರದೊಳಗೆ ಮಕ್ಕಳ ಕೈಗೆ ಸಿಗದಿದ್ದರೆ ಬ್ರೈಲ್ ವಿಭಾಗವನ್ನೇ ಮುಚ್ಚುವುದಾಗಿ ಆಡಳಿತ ಮಂಡಳಿಯವರು ಹೇಳಿದ್ದಾರೆ. ಅಪ್ಪ ಹೋದಮೇಲೆ ನನಗೆಂದು ನಾನು ಕಟ್ಟಿಕೊಂಡದ್ದು ಇದೊಂದೇ.

ಅಕ್ಕ

•

ಜೂನ್ ೨೫, ಬುಧವಾರ ಮಧ್ಯಾಹ್ನ

ತಮ್ಮಾ,

ಯಂತ್ರ ಆರಿಸಿದ್ದೇನೆ. ಮೊದಲು ಅದನ್ನು ತಿಳಿದುಕೋ. ಪ್ಲಗ್ಗನ್ನೇ ಕಿತ್ತು ಹಾಕಿದ್ದೇನೆ. ಇನ್ನು ಉಳಿದದ್ದನ್ನು ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಹತ್ತು ಗಂಟೆಗೆ ಆ ಆಯ್ಕೆ ತೆಗೆದುಹಾಕಿ ಮುದ್ರಣ ಶುರು ಮಾಡಿದೆ. ಹನ್ನೆರಡು ನಿಮಿಷ ದಾಟಿತು, ಆರಲಿಲ್ಲ. ಹದಿನೈದು ದಾಟಿತು. ಕುಟ್ಟಾಣಿ ತನ್ನ ಪಾಡಿಗೆ ಕುಟ್ಟುತ್ತಿತ್ತು. ಗೆದ್ದೆ ಅಂದುಕೊಂಡೆ. ಆಗ ಫೋನ್ ಬಂತು.

ಆ ಕಡೆಯಿಂದ ಒಂದು ಗಂಡಸಿನ ದನಿ. ಮಾತು ತೊದಲುತ್ತಿತ್ತು. ‘ಅಆ... ಆಇಸು...’ ಎಂದಷ್ಟೇ ಕೇಳಿಸಿತು. ಕುಟ್ಟಾಣಿಯ ಸದ್ದು ಬೇರೆ. ‘ಯಾರು ಬೇಕಿತ್ತು?’ ಎಂದೆ. ಮತ್ತೆ ಅದೇ. ಫೋನ್ ಇಟ್ಟೆ. ಅರ್ಧ ನಿಮಿಷಕ್ಕೆ ಮತ್ತೆ ಬಂತು. ಈ ಸಲ ನಾನು ಏನು ಹೇಳಿದೆ ಎಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ನನಗೆ ಶಿಕ್ಷೆಯಾಗಲಿ. ‘ಬೆಳಿಗ್ಗೆ ಬೆಳಿಗ್ಗೆನೇ ಕುಡಿದು ಹೆಂಗಸರಿಗೆ ಫೋನ್ ಮಾಡೋಕೆ ನಾಚಿಕೆ ಆಗಲ್ವಾ ನಿಂಗೆ?’ ಎಂದೆ. ಹಾಗೆಂದು ರಿಸೀವರ್ ಕುಕ್ಕಿದೆ.

ಮೂರನೇ ಸಲ ಗಂಟೆ ಹೊಡೆದಾಗ ಮೇಷ್ಟ್ರು, ‘ನನಗೆ ಕೊಡಮ್ಮ, ನಾನು ಬಯ್ತೀನಿ’ ಎಂದು ಕೈ ಚಾಚಿದರು. ಕಿವಿಗಿಟ್ಟುಕೊಂಡು ಕೇಳಿದರು. ಬಯ್ಯಲಿಲ್ಲ. ‘ಇನ್ನೊಂದ್ಸಲ ಹೇಳಿ, ನಿಧಾನಕ್ಕೆ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಆ ಕುಟ್ಟಾಣಿ ನಿಲ್ಲಿಸಮ್ಮ’ ಎಂದರು. ನಿಲ್ಲಿಸಿದೆ.

‘ಅಮ್ಮಾ, ಇದು ನಿನ್ನ ತಮ್ಮ.’

‘ಅಲ್ಲ ಮೇಷ್ಟ್ರೇ, ಅವನ ದನಿ ನನಗೆ ಗೊತ್ತಿಲ್ವಾ?’

‘ಮಾತು ಬೇರೆ ಆಗಿದೆ, ದನಿ ಅದೇ ಇದೆ. ಕಂಪ್ಯೂಟರ್ ಆರಿಸು ಅಂತಿದ್ದಾರೆ. ಸುಳ್ಳಲ್ಲವಂತೆ, ಸುಡುತ್ತಿದೆಯಂತೆ.’

ಪ್ಲಗ್ ಕಿತ್ತೆ. ಆಗ ಮೂಗಿಗೆ ಬಡಿಯಿತು, ಕಾದ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ. ಹದಿನಾಲ್ಕನೇ ಪುಟ ಅರ್ಧ ಹೊರಗೆ ಬಂದು ನಿಂತಿತ್ತು. ಮೇಷ್ಟ್ರು ಫೋನಿನಲ್ಲಿ ಮೆಲ್ಲಗೆ ಕೇಳುತ್ತಿದ್ದರು, ‘ಯಾವಾಗ ಆಯ್ತು?’ ಎಂದು. ಸ್ವಲ್ಪ ಹೊತ್ತು ಬಿಟ್ಟು ‘ಮಾರ್ಚಲ್ಲಾ?’ ಎಂದರು. ರಿಸೀವರ್ ಕೊಟ್ಟರೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನಿನಗೆ ಬರದ್ದಕ್ಕೆ ಕಾರಣ ಇತ್ತು. ನನಗೆ?

ಈಗ ನಿನ್ನ ಹಿಂದಿನ ಕಾಗದ ತೆಗೆದು ನೋಡಿದೆ. ಇಷ್ಟು ವರ್ಷ ಕರಡು ತಿದ್ದಿ ಜೀವನ ಮಾಡಿದವಳು ನಾನು. ಷಿಫ್ಟ್ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಒತ್ತಬೇಕಾದ ‘ಳ’, ‘ಣ’ ಅಕ್ಷರಗಳೇ ಬಿದ್ದಿಲ್ಲ. ಅದನ್ನು ಓದಿ ನಕ್ಕಿದ್ದೆ. ಕೀಲಿಮಣೆ ಹಳೆಯದಲ್ಲ. ಇನ್ನೊಂದು ಕೈ ಇರಲಿಲ್ಲ.

ಅತಿಥಿಗೃಹವಂತೆ! ಯಾವ ಆಸ್ಪತ್ರೆಯ ಯಾವ ವಾರ್ಡೋ ಅದು? ನಿಜ ಬರೆ.

ಅಕ್ಕ

•

ಜೂನ್ ೨೫, ಬುಧವಾರ ಮಧ್ಯಾಹ್ನ

ಅಕ್ಕಾ,

ಮೇಷ್ಟ್ರಿಗೆ ನನ್ನ ಮಾತು ತಿಳಿಯಿತು. ಯಂತ್ರ ಆರಿದೆ, ನನ್ನ ಗುಟ್ಟೂ ಬಯಲಾಗಿದೆ. ತಿಳಿಯದೇ ಹೋಗಿದ್ದರೆ ಈ ಕಾಗದ ತಲುಪುವ ಹೊತ್ತಿಗೆ ಪ್ರೊಸೆಸರ್ ಸುಟ್ಟಿರುತ್ತಿತ್ತು. ಇನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಈ ಸಲ ಅಕ್ಷರ ಸರಿಯಾಗಿವೆ, ನೋಡಿದೆಯಾ? ಷಿಫ್ಟ್ ಒಮ್ಮೆ ಒತ್ತಿ ಬಿಟ್ಟರೆ ಅದು ಒತ್ತಿದ ಹಾಗೇ ಉಳಿಯುವಂತೆ ಮಾಡುವ ಸೌಲಭ್ಯ ಪ್ರತಿ ಕಂಪ್ಯೂಟರಿನಲ್ಲೂ ಇದೆ. ಊರಿಗೆಲ್ಲ ಕಂಪ್ಯೂಟರ್ ಪಾಠ ಹೇಳಿದ ನನಗೆ ಅದು ಮೂರು ತಿಂಗಳು ನೆನಪಾಗಲಿಲ್ಲ. ಇಲ್ಲಿನ ನರ್ಸ್ ತೋರಿಸಿಕೊಟ್ಟರು. ದುಂಡು ಅಕ್ಷರದವರು ಅವರೇ. ಬರುವ ವರ್ಷ ನಿವೃತ್ತಿ, ಮೂರು ಮೊಮ್ಮಕ್ಕಳು. ನಿನ್ನ ಆಸೆಗೆ ತಣ್ಣೀರು ಹಾಕಬೇಕಾಯಿತು, ಕ್ಷಮಿಸು.

ಮಾರ್ಚ್ ಒಂಬತ್ತಕ್ಕೆ ಆಯಿತು. ಕಂಟ್ರೋಲ್ ರೂಮಿನ ಮೆಟ್ಟಿಲಿನ ಮೇಲೆ. ಬಲಗೈ, ಬಲಗಾಲು, ಮಾತು. ಕಾಲು ಈಗ ವಾಕರ್ ಹಿಡಿದು ನಡೆಯುವಷ್ಟು ಬಂದಿದೆ. ಕೈ ಇನ್ನೂ ಮಲಗಿದೆ. ಮಾತು ನೀನು ಕೇಳಿದಷ್ಟೇ. ಕುಡಿದವನು ಅಂದೆಯಲ್ಲ, ಕೋಪ ಬರಲಿಲ್ಲ ಅಕ್ಕಾ. ಬಯ್ಯುವ ದನಿ ಹಾಗೇ ಇದೆ ಎಂದು ಖುಷಿಯಾಯಿತು.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಅಪ್ಪನಿಗೆ ಆದದ್ದೇ ನನಗೂ ಆಯಿತು. ನಿನ್ನ ಬದುಕಿನ ಒಂಬತ್ತು ವರ್ಷ ಅಪ್ಪನ ಹಾಸಿಗೆಯ ಪಕ್ಕ ಹೋಯಿತು. ಈಗ ನೀನು ಕುಟ್ಟಾಣಿ, ಮೇಷ್ಟ್ರು, ಮಕ್ಕಳು ಎಂದು ಓಡಾಡುತ್ತಿದ್ದೀಯ. ‘ಲಕ್ವ’ ಎಂಬ ಒಂದು ಪದ ಕೇಳಿದರೆ ಎಲ್ಲ ಬಿಟ್ಟು ಮೊದಲ ಬಸ್ಸು ಹತ್ತುತ್ತೀಯ ಎಂದು ನನಗೆ ಗೊತ್ತು. ಅಪ್ಪನ ಪಕ್ಕ ನಾನು ಕೂರಲಿಲ್ಲ. ಅಂಥವನು ನಿನ್ನನ್ನು ನನ್ನ ಪಕ್ಕ ಕೂರಿಸಿಕೊಳ್ಳುವುದೇ? ಜೊತೆಗಾರನ ಬಾಯಲ್ಲೂ ಸುಳ್ಳು ಹೇಳಿಸಿದೆ. ಅವನನ್ನು ಬಯ್ಯಬೇಡ.

ಈಗ ಯಂತ್ರ. ಮೇಷ್ಟ್ರ ಬೆರಳು ಸುಳ್ಳು ಹೇಳಲಿಲ್ಲ, ಅಂಕಿಯೂ ಸುಳ್ಳು ಹೇಳಲಿಲ್ಲ. ಪ್ರೊಸೆಸರ್ ಕುದಿಯುತ್ತಿದ್ದು ಮೇಲಿನ ಲೋಹ ತಣ್ಣಗಿದೆ ಎಂದರೆ ಒಂದರ ಬಿಸಿ ಇನ್ನೊಂದಕ್ಕೆ ದಾಟುತ್ತಿಲ್ಲ. ಎರಡೂ ಸರಿಯಾಗಿ ತಾಗಿಯೇ ಇಲ್ಲ. ಲೋಹದ ಗಟ್ಟಿಯನ್ನು ಮಗುಚಿ ನೋಡು. ತಳದಲ್ಲಿ ಒಂದು ಬದಿ ಮಾತ್ರ ಮೆಟ್ಟಿಲಿನ ಹಾಗೆ ತಗ್ಗಿರುತ್ತದೆ. ಸಾಕೆಟ್ಟಿನಲ್ಲೂ ಒಂದು ಬದಿ ಉಬ್ಬಿದೆ. ಆ ತಗ್ಗು ಈ ಉಬ್ಬಿನ ಮೇಲೆ ಬರಬೇಕು. ಅಕ್ಷರ ತಲೆಕೆಳಗಾಗಿ ಕಾಣುತ್ತವೆ ಎಂದು ನೀನೇ ಬರೆದಿದ್ದೆ. ಅಂದರೆ ಈ ಬೋರ್ಡಿನಲ್ಲಿ ಸಾಕೆಟ್ಟೇ ಉಲ್ಟಾ ಇದೆ. ನೀನು ಕಿಟಕಿ ನೋಡಿಕೊಂಡು ಕೂರಿಸಿದೆ. ಗಟ್ಟಿ ಒಂದು ಬದಿ ಉಬ್ಬಿನ ಮೇಲೆ ಎದ್ದು ಓರೆಯಾಗಿ ಕೂತಿದೆ. ತೆಗೆದು, ಒರೆಸಿ, ಹೊಸ ಪೇಸ್ಟ್ ಹಾಕಿ, ಅರ್ಧ ಸುತ್ತು ತಿರುಗಿಸಿ ಕೂರಿಸು. ಫ್ಯಾನಿನ ವೈರು ಬಾಗಿಲ ಕಡೆಗೆ ಬರಲಿ.

ಆರಿಸುವ ಆ ಆಯ್ಕೆಯನ್ನು ಮತ್ತೆ ಹಾಕು. ಅದು ಹೆದರಿಸುವ ಚಾಳಿಯಲ್ಲ. ನಿನ್ನ ಯಂತ್ರವನ್ನು ಇಷ್ಟು ದಿನ ಉಳಿಸಿದ್ದೇ ಅದು.

ಇದನ್ನು ಟೈಪ್ ಮಾಡಲು ಮೂರು ಗಂಟೆ ಹಿಡಿಯಿತು. ಬಹಳ ದಿನದ ಮೇಲೆ ಯಾರಿಗೋ ಉಪಯೋಗಕ್ಕೆ ಬಂದ ಮೂರು ಗಂಟೆ.

ತಮ್ಮ

ಇದು ಅತಿಥಿಗೃಹವಲ್ಲ, ಪುನಶ್ಚೇತನ ಕೇಂದ್ರ. ಕೊಠಡಿ ಹದಿನಾಲ್ಕು ಎಂಬುದು ಮಾತ್ರ ನಿಜ.

•

ಜುಲೈ ೨, ಬುಧವಾರ

ನನ್ನ ತಮ್ಮನಿಗೆ,

ನಲವತ್ತಾರು!

ನಿನ್ನ ವಯಸ್ಸು ಹೇಳುತ್ತಿಲ್ಲ. ಪ್ರೊಸೆಸರಿನ ಬಿಸಿ. ಒಂದು ಗಂಟೆ ಕುಟ್ಟಾಣಿ ಓಡಿಸಿದ ಮೇಲೂ ನಲವತ್ತೊಂಬತ್ತು ದಾಟಲಿಲ್ಲ.

ಕಾಗದ ನಿನ್ನೆ ಸಂಜೆ ಬಂತು. ಮೊದಲು ನಿನ್ನ ಭಾಗ ಓದಿದೆ, ಅತ್ತೆ. ಆಮೇಲೆ ಯಂತ್ರದ ಭಾಗ ಓದಿದೆ, ಅತ್ತದ್ದನ್ನು ಮರೆತೆ. ಇವತ್ತು ಬೆಳಿಗ್ಗೆ ಗಟ್ಟಿ ತೆಗೆದು ಮಗುಚಿದರೆ ಪೇಸ್ಟ್ ಒಂದು ಅಂಚಿಗೆ ಮಾತ್ರ ಅಂಟಿತ್ತು, ಉಳಿದದ್ದು ಹಾಕಿದ ಹಾಗೇ ಇತ್ತು. ತಗ್ಗು ಬದಿಯನ್ನು ಮೇಷ್ಟ್ರು ಬೆರಳಾಡಿಸಿ ಹುಡುಕಿದರು, ಸಾಕೆಟ್ಟಿನ ಉಬ್ಬನ್ನೂ ಅವರೇ. ‘ಇಲ್ಲಿ ಕೂರಬೇಕಾದ್ದು ಅಲ್ಲಿ ಕೂತಿದೆ ಕಣಮ್ಮ, ಪರದೆ ನೋಡೋ ಬದಲು ಮೊದಲೇ ನನ್ನ ಕೇಳಿದ್ದರೆ ಹೇಳ್ತಿದ್ದೆ’ ಎಂದು ಜಂಬ ಕೊಚ್ಚಿಕೊಂಡರು. ಅರ್ಧ ಸುತ್ತು ತಿರುಗಿಸಿ ಕೂರಿಸಿದೆ. ಹತ್ತು ನಿಮಿಷ ಬಿಟ್ಟು ಅವರು ರೆಕ್ಕೆಗಳನ್ನು ಮುಟ್ಟಿ, ‘ಈಗ ಬೆಚ್ಚಗಿದೆ’ ಎಂದರು. ಆ ‘ಬೆಚ್ಚಗಿದೆ’ ಕೇಳಿ ನನಗೆ ಎಷ್ಟು ಹಗುರಾಯಿತು ಎಂದು ಹೇಗೆ ಹೇಳಲಿ! ಲೋಹ ಬೆಚ್ಚಗಾಗಬೇಕು, ಪ್ರೊಸೆಸರ್ ತಣ್ಣಗಾಗಬೇಕು. ಇಷ್ಟು ಸಣ್ಣ ವಿಷಯ.

ಆಯ್ಕೆಯನ್ನು ಮತ್ತೆ ಹಾಕಿದ್ದೇನೆ. ೧೨೭ ಇನ್ನೂ ಅಲ್ಲೇ ಕೂತು ಒದರುತ್ತಿದೆ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ನಿನ್ನ ಗುಟ್ಟು ಹೊರಬಿತ್ತು, ನನ್ನದೂ ಒಂದು ಬೀಳಲಿ. ಪ್ರೊಸೆಸರ್ ಸಲೀಸಾಗಿ ಬಂತಾ ಎಂದು ನೀನು ಕೇಳಿದ್ದೆ, ನಾನು ಉತ್ತರವನ್ನೇ ಕೊಡಲಿಲ್ಲ. ಬರಲಿಲ್ಲ ಕಣೋ. ಒಣಗಿದ ಪೇಸ್ಟಿಗೆ ಅಂಟಿಕೊಂಡು, ಗಟ್ಟಿಯ ಜೊತೆಗೇ ಕಿತ್ತುಕೊಂಡು ಬಂತು. ನಾಲ್ಕು ಪಿನ್ನು ಬಾಗಿದವು. ಹೊಲಿಗೆ ಸೂಜಿಯಲ್ಲಿ ಒಂದೊಂದಾಗಿ ನೆಟ್ಟಗೆ ಮಾಡಿದೆ. ಬಯ್ಯುತ್ತೀಯ ಎಂದು ಮುಚ್ಚಿಟ್ಟೆ. ದಿನಾ ಗುಂಡಿ ಒತ್ತುವಾಗ ನನ್ನಿಂದಲೇ ಹಾಳಾಯಿತೇನೋ ಎಂದುಕೊಳ್ಳುತ್ತಿದ್ದೆ.

ಇನ್ನು ನಿನ್ನ ವಿಷಯ. ಮೊದಲ ಬಸ್ಸು ಹತ್ತುತ್ತೀಯ ಎಂದು ಬರೆದಿದ್ದೀಯ. ಫೋನ್ ಬಂದ ದಿನ ಚೀಲಕ್ಕೆ ಎರಡು ಸೀರೆ ಹಾಕಿಟ್ಟದ್ದು ನಿಜ. ಮರುದಿನ ತೆಗೆದಿಟ್ಟೆ. ನಾನು ಓಡಿ ಬರುವುದಿಲ್ಲ. ಪುಸ್ತಕ ಮುಗಿಸಿ, ಮಕ್ಕಳ ಕೈಗೆ ಕೊಟ್ಟು, ಆಮೇಲೆ ಕಿಟಕಿ ಪಕ್ಕದ ಸೀಟು ಕಾದಿರಿಸಿ, ಸಾವಕಾಶವಾಗಿ ಬರುತ್ತೇನೆ. ನಾಲ್ಕು ದಿನ ಇದ್ದು ವಾಪಸ್ಸು. ನಿನ್ನ ಹಾಸಿಗೆಯ ಪಕ್ಕ ಕೂರಲು ಬರುವುದಿಲ್ಲ. ನಿನ್ನ ಜೊತೆ ಕೂತು ಹರಟೆ ಹೊಡೆಯಲು ಬರುತ್ತೇನೆ. ಆಗಬಹುದಾ?

ಅಪ್ಪನ ಪಕ್ಕ ನೀನು ಕೂರಲಿಲ್ಲ ಎಂದು ಬರೆದಿದ್ದೀಯ. ನಿನಗೆ ಕೂರಲು ಆಗುತ್ತಿರಲಿಲ್ಲ. ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, ಮನೆಯ ಕೆಟ್ಟ ಸ್ವಿಚ್ಚು, ಸೋರುವ ನಲ್ಲಿ ಎಲ್ಲ ಸರಿಮಾಡಿ ಹೋಗುತ್ತಿದ್ದೆ. ಅದನ್ನು ನಾನು ಎಂದೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೊರಡುವ ದಿನ ನಾನು ಹೇಳಿದ್ದು ಪೂರ್ತಿ ನಿಜವಲ್ಲ.

ನಿನ್ನ ಅಕ್ಕ

•

ಜುಲೈ ೯, ಬುಧವಾರ

ಅಕ್ಕಾ,

ಹೊಲಿಗೆ ಸೂಜಿಯಲ್ಲಿ! ಓದಿ ನಾನು ನಕ್ಕ ರಭಸಕ್ಕೆ ನರ್ಸ್ ಓಡಿ ಬಂದರು, ಏನೋ ಆಯಿತೆಂದು. ನಾಲ್ಕು ಪಿನ್ನು ಮುರಿಯದ ಹಾಗೆ ನೆಟ್ಟಗೆ ಮಾಡುವುದು ನನ್ನ ಎರಡೂ ಕೈ ಚೆನ್ನಾಗಿದ್ದಾಗಲೂ ಕಷ್ಟವೇ. ಬಯ್ಯುವುದಿರಲಿ, ಇನ್ನು ಮುಂದೆ ಅಂಥ ಕೆಲಸ ಬಂದರೆ ನಿನಗೇ ಕಳಿಸುತ್ತೇನೆ.

ನಲವತ್ತಾರು ಎಂಬುದನ್ನು ಇಲ್ಲಿ ಎಲ್ಲರಿಗೂ ಹೇಳಿದೆ. ಬಾಯಲ್ಲೇ ಹೇಳಿದೆ. ‘ನ’ ಮತ್ತು ‘ಲ’ ಜೊತೆಗೆ ಬಂದರೆ ನನ್ನ ನಾಲಿಗೆ ತಡವರಿಸುತ್ತದೆ. ಮಾತು ಕಲಿಸುವ ಮೇಡಂ ಅದನ್ನೇ ಹಿಡಿದುಕೊಂಡರು. ‘ದಿನಾ ಇಪ್ಪತ್ತು ಸಲ ನಲವತ್ತಾರು ಹೇಳಿ’ ಎಂದರು. ಪಕ್ಕದ ಹಾಸಿಗೆಯ ಬಸ್ ಕಂಡಕ್ಟರ್ ಮೊದಮೊದಲು ‘ಅದೇನ್ ಸಾರ್ ರೂಟ್ ನಂಬರ್ರಾ?’ ಎಂದು ಕೇಳುತ್ತಿದ್ದರು. ಈಗ ಅವರೂ ಜೊತೆಗೆ ಹೇಳುತ್ತಾರೆ. ಅವರಿಗೂ ನನ್ನ ಹಾಗೇ ಆಗಿರುವುದು.

ನಾನು ಫೋನ್ ಮಾಡಿದ ದಿನ ನಿನ್ನ ಕಾಗದ ಬೆಳಗಿನ ಅಂಚೆಯಲ್ಲಿ ಬಂತು. ಓದಿ ಗಡಿಯಾರ ನೋಡಿದೆ, ಹತ್ತು ಗಂಟೆ ದಾಟಿತ್ತು. ಫೋನ್ ಇರುವುದು ಕಾರಿಡಾರಿನ ಆ ತುದಿಯಲ್ಲಿ. ಮಾರ್ಚ್‌ನಿಂದ ನಾನು ಅಷ್ಟು ದೂರ ಒಬ್ಬನೇ ನಡೆದಿರಲಿಲ್ಲ. ಯಾರನ್ನಾದರೂ ಕೇಳಿದ್ದರೆ ಅವರೇ ಫೋನ್ ಮಾಡಿಕೊಡುತ್ತಿದ್ದರು, ಅದೂ ಹೊಳೆಯಲಿಲ್ಲ. ವಾಕರ್ ಹಿಡಿದು ಹೊರಟೇಬಿಟ್ಟೆ. ನೀನು ಎರಡನೇ ಸಲ ಫೋನ್ ಕುಕ್ಕಿದಾಗ, ಸಾಕು, ಹೋಗಲಿ ಬಿಡು ಎಂದು ರಿಸೀವರ್ ಇಟ್ಟೆ. ಆಮೇಲೆ ಆ ಹನ್ನೊಂದು ಮಕ್ಕಳ ನೆನಪಾಯಿತು. ಮತ್ತೆ ಒತ್ತಿದೆ.

ಅಪ್ಪನ ಬಗ್ಗೆ ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ಅದಕ್ಕೆ ಟೈಪ್ ಮಾಡಿ ಉತ್ತರ ಕೊಡಲಾರೆ.

ನಿಧಾನವಾಗಿ ಬಾ. ನಾಲ್ಕು ದಿನ ಸಾಕು. ಐದನೇ ದಿನ ನಾವು ಜಗಳ ಆಡುತ್ತೇವೆ.

ಒಂದು ಕೇಳಿಕೆ ಇದೆ. ಜುಲೈ ಇಪ್ಪತ್ತು, ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ ನಾನೇ ಮನೆಗೆ ಫೋನ್ ಮಾಡುತ್ತೇನೆ. ನನ್ನ ಮಾತು ನಿಧಾನ. ಮಧ್ಯೆ ನಿಂತುಹೋಗುತ್ತದೆ. ನಿಂತಾಗ ಮುಂದಿನ ಪದವನ್ನು ನೀನು ಹೇಳಿಕೊಡಬೇಡ. ಎಲ್ಲರೂ ಹಾಗೇ ಮಾಡುತ್ತಾರೆ, ಪ್ರೀತಿಯಿಂದಲೇ. ಆದರೆ ಅವರು ಹೇಳುವ ಪದ ನನ್ನದಲ್ಲ. ಕಾಯಲು ಆಗುತ್ತದಾ ನಿನಗೆ? ಚಿಕ್ಕಂದಿನಿಂದ ಆಗಿಲ್ಲ.

ತಮ್ಮ

•

ಜುಲೈ ೨೧, ಸೋಮವಾರ

ತಮ್ಮಾ,

ಶುಕ್ರವಾರ ಸಂಪುಟಗಳನ್ನು ಶಾಲೆಗೆ ತಲುಪಿಸಿದೆವು. ಹನ್ನೊಂದು ಪ್ರತಿ, ಒಂದೊಂದೂ ದಿಂಬಿನಷ್ಟು ದಪ್ಪ. ಆಟೊದಲ್ಲಿ ನಾನು, ಮೇಷ್ಟ್ರು, ನಮ್ಮಿಬ್ಬರ ತೊಡೆಯ ಮೇಲೆ ಗಣಿತ. ಒಬ್ಬಳು ಹುಡುಗಿ ಹಾಳೆ ಬಿಡಿಸಿ ಮೊದಲು ಮೂಸಿದಳು, ಆಮೇಲೆ ಓದಿದಳು. ‘ಚುಕ್ಕೆ ಚೂಪಾಗಿದೆ’ ಎಂದಳು. ಹಾಗೆಂದರೆ ಅವರಲ್ಲಿ ಹೊಗಳಿಕೆ. ಹತ್ತು ನಿಮಿಷದಲ್ಲೇ ನೂರ ಎಂಟನೇ ಪುಟದಲ್ಲಿ ಒಂದು ತಪ್ಪೂ ಹಿಡಿದಳು, ಮೇಷ್ಟ್ರ ಮುಖ ನೋಡಬೇಕಿತ್ತು. ದಾರಿಯುದ್ದಕ್ಕೂ ‘ಆ ಹುಡುಗಿಯನ್ನು ನಮ್ಮಲ್ಲಿ ಕೆಲಸಕ್ಕೆ ತಗೋಬೇಕು’ ಎನ್ನುತ್ತಾ ಬಂದರು.

ಆಡಳಿತ ಮಂಡಳಿಯವರು ಈಗ ಮುಚ್ಚುವ ಮಾತು ಎತ್ತುತ್ತಿಲ್ಲ. ಮುಂದಿನ ವರ್ಷದ ವಿಜ್ಞಾನ ಪುಸ್ತಕ ಯಾವಾಗ ಶುರು ಎಂದು ಕೇಳಿದರು. ಕಂಪ್ಯೂಟರ್ ಎರಡು ವಾರ ಸತತವಾಗಿ ಓಡಿದೆ. ಐವತ್ತು ದಾಟಲಿಲ್ಲ.

ಇನ್ನು ನಿನ್ನೆಯ ವಿಷಯ. ಮುಕ್ಕಾಲು ಗಂಟೆ ಮಾತಾಡಿದೆವು, ನಂಬುತ್ತೀಯಾ? ನೀನು ಮಧ್ಯೆ ನಿಂತಾಗಲೆಲ್ಲ ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಒಮ್ಮೆ ನೀನು ಎಷ್ಟು ಹೊತ್ತು ನಿಂತೆ ಎಂದರೆ ಲೈನ್ ಕಟ್ಟಾಯಿತು ಅಂದುಕೊಂಡೆ. ಆಮೇಲೆ ಬಂತು, ‘ಬಾಗಿಲು’ ಎಂಬ ಪದ. ಅಪ್ಪನ ಕೋಣೆಯ ಬಾಗಿಲಲ್ಲೇ ನಿಂತಿರುತ್ತಿದ್ದೆ, ಒಳಗೆ ಬರಲು ಹೆದರಿಕೆಯಾಗುತ್ತಿತ್ತು ಎಂದು ನೀನು ಹೇಳಿದೆ. ನಾನು ಬಾಯಿ ಹಾಕಿದ್ದರೆ ಖಂಡಿತ ಬೇರೇನೋ ಪದ ತುರುಕಿ, ಮಾತನ್ನು ಬೇರೆ ಕಡೆ ಎಳೆದುಕೊಂಡು ಹೋಗುತ್ತಿದ್ದೆ. ಕಾದದ್ದಕ್ಕೆ ಅದು ಸಿಕ್ಕಿತು.

ಆಗಸ್ಟ್ ಹತ್ತರ ಬಸ್ಸಿಗೆ ಟಿಕೆಟ್ ಆಗಿದೆ. ಕಿಟಕಿ ಪಕ್ಕ. ನರ್ಸಮ್ಮನಿಗೂ ಕಂಡಕ್ಟರ್ ಅವರಿಗೂ ನನ್ನ ನಮಸ್ಕಾರ ತಿಳಿಸು.

ಒಂದು ಮಾತು ಒಪ್ಪಿಕೊಳ್ಳಬೇಕು. ನಿನ್ನೆ ನೀನು ಹೇಳಿದ್ದರಲ್ಲಿ ಮೂರು ಕಡೆ ನನಗೆ ತಿಳಿಯಲಿಲ್ಲ. ನಿನಗೆ ಬೇಜಾರಾದೀತು ಎಂದು ‘ಹೂಂ’ ಅಂದುಬಿಟ್ಟೆ. ಇಷ್ಟೆಲ್ಲ ಆದಮೇಲೆ ನಮ್ಮಿಬ್ಬರ ನಡುವೆ ಆ ಸುಳ್ಳು ಹೂಂ ಕೂಡ ಬೇಡ. ಆ ಮೂರನ್ನೂ ಟೈಪ್ ಮಾಡಿ ಕಳಿಸಬೇಡ.

ಬರುವ ಭಾನುವಾರ ಇನ್ನೊಮ್ಮೆ ಹೇಳು.

ನಿನ್ನ ಅಕ್ಕ